ವಾಲಿಸಿದರೆ ಸಾಲದು, ಬರೆಯಬೇಕು

ದಾವಣಗೆರೆಯ ಬೆಣ್ಣೆ ದೋಸೆ ಹೋಟೆಲಿನ ಬೋರ್ಡಿಗೆ ಒಪ್ಪುವ ಅಕ್ಷರಕ್ಕೆ ಮೂರು ಗುಣ ಬೇಕು: ರಸ್ತೆಯಾಚೆಯಿಂದಲೂ ಕಾಣುವ ದಪ್ಪ, ಗೆರೆಯ ತುದಿಯಲ್ಲಿ ನುಣುಪು, ಬಲಕ್ಕೆ ತುಸು ವಾಲಿದ ಚುರುಕು. ಲಾರಿ, ಗೋಡೆ, ಕಂಪನಿ ನಾಟಕದ ಪೋಸ್ಟರುಗಳ ಮೇಲೆ ಪೇಂಟರುಗಳು ಈ ಮೂರನ್ನೂ ಕುಂಚದಲ್ಲೇ ಸಾಧಿಸಿದ್ದರು. ಕಂಪ್ಯೂಟರಿನಲ್ಲಿ ಮೊದಲೆರಡು ಗುಣ ಚೆನ್ನಾಗಿ ಕೂಡಿಬಂದ ಫಾಂಟ್ ‘ಬಾಲೂ ತಮ್ಮ’. ಮುಂಬೈನ ಏಕ್ ಟೈಪ್ ಸಂಸ್ಥೆ ಭಾರತದ ಹಲವು ಲಿಪಿಗಳಿಗೆ ರೂಪಿಸಿದ ಬಾಲೂ ಕುಟುಂಬದ ಕನ್ನಡ ಸದಸ್ಯ ಇದು. ಅದರ ನಂತರದ ಆವೃತ್ತಿ ‘ಬಾಲೂ ತಮ್ಮ 2’ರಲ್ಲಿ ಐದು ದಪ್ಪಗಳಿವೆ, ಆದರೆ ಓರೆ ರೂಪವಿಲ್ಲ.

ಓರೆ ಬೇಕಾದರೆ ಸಾಫ್ಟ್‌ವೇರಿನ ಒಂದು ಗುಂಡಿ ಒತ್ತಿದರೆ ಸಾಕಲ್ಲ ಎನ್ನುವವರಿದ್ದಾರೆ. ‘ಹರಿಹರ’ ಎಂದು ದಪ್ಪಕ್ಷರದಲ್ಲಿ ಟೈಪ್ ಮಾಡಿ ವಾಲಿಸಿದರೆ ಉತ್ತರ ಸಿಗುತ್ತದೆ. ‘ರ’ದ ದುಂಡು ಮೊಟ್ಟೆಯಾಗುತ್ತದೆ, ಅದರ ಗೆರೆ ಬಲ ಮೇಲೆ, ಎಡ ಕೆಳಗೆ ಉಬ್ಬಿ, ಉಳಿದೆರಡು ಮೂಲೆಗಳಲ್ಲಿ ಸೊರಗುತ್ತದೆ. ‘ಬೆಣ್ಣೆ’ಯಲ್ಲಿ ತೊಂದರೆ ಇನ್ನೂ ಹೆಚ್ಚು. ಮೇಲಿನ ಎತ್ವ ಬಲಕ್ಕೆ ಹೋದರೆ ಕೆಳಗಿನ ಒತ್ತಕ್ಷರ ಎಡಕ್ಕೆ ಸರಿಯುತ್ತದೆ. ಒಂದೇ ಅಕ್ಷರದ ಎರಡು ಭಾಗಗಳು ದಾರಿ ಬೇರೆಯಾದಂತೆ ಕಾಣುತ್ತವೆ. ದಪ್ಪ ಹೆಚ್ಚಿದಷ್ಟೂ ‘ದ’ವನ್ನು ‘ಧ’ದಿಂದ ಬೇರ್ಪಡಿಸುವ ಪುಟ್ಟ ಗೀಟು ಮುಚ್ಚಿಹೋಗುವ ಅಪಾಯವೂ ಇದೆ. ಇಂಗ್ಲಿಷಿನಲ್ಲಿ ಸಾಲಿನ ಕೆಳಗೆ ಇಳಿಯುವುದು ಕೆಲವು ಅಕ್ಷರಗಳ ಬಾಲ ಮಾತ್ರ, ಕನ್ನಡಕ್ಕೆ ಒತ್ತಿನ ಇಡೀ ಕೆಳಮನೆಯೇ ಬೇಕು. ಆದ್ದರಿಂದ ಓರೆ ಅಕ್ಷರವನ್ನು ಒಂದೊಂದಾಗಿ ಹೊಸದಾಗಿ ಬರೆಯಬೇಕು.

ಕನ್ನಡ ಮೊದಲೇ ದುಂಡು ಲಿಪಿ, ಮತ್ತೆ ದುಂಡಗೆ ಮಾಡುವುದೇನು ಎಂಬ ಪ್ರಶ್ನೆಯೂ ಬರುತ್ತದೆ. ಅಕ್ಷರದ ಬಳುಕು ಬೇರೆ, ಗೆರೆಯ ತುದಿಯ ನುಣುಪು ಬೇರೆ. ಬಳುಕಿದ ಅಕ್ಷರಕ್ಕೂ ತುದಿಯನ್ನು ಚೂಪಾಗಿ ಕತ್ತರಿಸಬಹುದು. ಓರೆ ನಮ್ಮದಲ್ಲ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಹರಿಹರದಲ್ಲಿ 1224ರ ಸುಮಾರಿಗೆ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ ಹರಿಹರೇಶ್ವರ ಗುಡಿಯ ಶಾಸನಗಳಲ್ಲಿ ಅಕ್ಷರಗಳು ನೆಟ್ಟಗೇ ನಿಂತಿವೆ, ನಿಜ. ಆದರೆ ಅದು ಉಳಿಯ ಬರಹ. ಯುರೋಪಿನಲ್ಲೂ ಓರೆ ಅಚ್ಚು ಹುಟ್ಟಿದ್ದು ಕೈಬರಹದಿಂದ. 1501ರಲ್ಲಿ ವೆನಿಸ್‌ನ ಆಲ್ಡಸ್ ಮನೂಷಿಯಸ್ ಅದನ್ನು ಪುಸ್ತಕಕ್ಕೆ ತಂದ. ನಮ್ಮ ಪೆನ್ನು, ಕುಂಚಗಳಿಗೂ ಆ ವಾಲು ಸಹಜವಾಗಿಯೇ ಬರುತ್ತದೆ. ಅದಕ್ಕೆ ಅಚ್ಚಿನ ರೂಪ ಕೊಡುವುದು ಅನುಕರಣೆಯಲ್ಲ.

ಈ ಕೆಲಸಕ್ಕೆ ಈಗ ಕಾಲ ಕೂಡಿಬಂದಿದೆ. ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಲೇಬೇಕೆಂದು 2024ರಲ್ಲಿ ಕಾಯ್ದೆಗೆ ತಿದ್ದುಪಡಿ ಆಗಿದೆ. ಕಾನೂನು ಜಾಗ ಕೊಡಿಸಬಲ್ಲದು, ಅಂದ ಕೊಡಿಸಲಾರದು. ಬಾಲೂ ತಮ್ಮ ಮುಕ್ತ ಪರವಾನಗಿಯ ಫಾಂಟ್; ಅದೇ ಪರವಾನಗಿಯಡಿ ಯಾರು ಬೇಕಾದರೂ ಅದನ್ನು ತಿದ್ದಿ ಬೆಳೆಸಬಹುದು. ದಾವಣಗೆರೆಯಲ್ಲಿ ದೃಶ್ಯಕಲಾ ಮಹಾವಿದ್ಯಾಲಯವಿದೆ, ಕುಂಚದ ಕಸುಬು ಬಲ್ಲ ಹಿರಿಯರಿದ್ದಾರೆ. ಈ ಎರಡೂ ಕಡೆಯವರು ಒಂದೇ ಮೇಜಿಗೆ ಬಂದು ಕನ್ನಡದ ಓರೆ ದಪ್ಪಕ್ಷರವನ್ನು ಬರೆಯಲಿ. ಬೋರ್ಡು ಮಾಡಿಸುವ ಅಂಗಡಿಯವರೂ ವಾಲಿಸಿದ ಅಕ್ಷರ ಬೇಡ, ಬರೆದ ಅಕ್ಷರ ಬೇಕು ಎಂದು ಕೇಳಿ ಪಡೆಯಲಿ.