ಫಲಿತಾಂಶದ ದಿನ ‘ಸರ್ವರ್ ಡೌನ್’: ಕಾರಣವೇನು, ಕಾನೂನು ಏನೆನ್ನುತ್ತದೆ?

ಎಸ್.ಎಸ್.ಎಲ್.ಸಿ. ಫಲಿತಾಂಶವನ್ನು ಸಚಿವರು ಪ್ರಕಟಿಸಿದ ಮರುಕ್ಷಣವೇ ಕೇರಳದ ಲಕ್ಷಾಂತರ ಮನೆಗಳಿಂದ ಒಂದೇ ಜಾಲತಾಣಕ್ಕೆ ಮುತ್ತಿಗೆ ಆರಂಭವಾಗುತ್ತದೆ. ಪರದೆಯ ಮೇಲೆ ಚಕ್ರ ತಿರುಗುತ್ತದೆ. ಕೊನೆಗೆ 503 ಎಂಬ ಸಂಖ್ಯೆಯೋ 504 ಎಂಬುದೋ ಕಾಣಿಸಿಕೊಳ್ಳುತ್ತದೆ. ‘ಸರ್ವರ್ ಡೌನ್’ ಎಂದು ನಾವು ಮಳೆ ಬಂತೆಂಬಷ್ಟೇ ಸಹಜವಾಗಿ ಹೇಳಿ ಸುಮ್ಮನಾಗುತ್ತೇವೆ. ಫಲಿತಾಂಶವಾದರೆ ಒಂದು ಗಂಟೆ ತಡವಾಗಿ ತಿಳಿದರೂ ನಷ್ಟವಿಲ್ಲ. ಆದರೆ ಪ್ಲಸ್ ವನ್ ಪ್ರವೇಶದ ಅರ್ಜಿಗೋ ವಿದ್ಯಾರ್ಥಿವೇತನಕ್ಕೋ ಕೊನೆಯ ದಿನವೆಂಬುದೊಂದಿದೆ. ಆ ದಿನ ಜಾಲತಾಣ ಕುಸಿದರೆ ಮಗುವಿನ ಒಂದು ವರ್ಷವೇ ಪಣಕ್ಕೆ ಬೀಳುತ್ತದೆ.

ಕುಸಿತದ ಬಗೆಯನ್ನು ಊರಿನ ದೇವಸ್ಥಾನದ ಅನ್ನಸಂತರ್ಪಣೆಯಿಂದ ತಿಳಿಯಬಹುದು. ಒಂದು ಪಂಕ್ತಿಯಲ್ಲಿ ಇಷ್ಟೇ ಎಲೆ ಎಂಬ ಲೆಕ್ಕವಿರುತ್ತದೆ. ಸರ್ವರಿನಲ್ಲಿಯೂ ಹಾಗೆಯೇ. ಬಹುಕಾಲದಿಂದ ಬಳಕೆಯಲ್ಲಿರುವ ಅಪಾಚೆ ಎಂಬ ತಂತ್ರಾಂಶವು ತನ್ನ ಹಳೆಯ ಕ್ರಮದಲ್ಲಿ, ಯಾರೂ ಬದಲಿಸದಿದ್ದರೆ, ಏಕಕಾಲಕ್ಕೆ 256 ಕೋರಿಕೆಗಳನ್ನು ಮಾತ್ರ ನಿರ್ವಹಿಸುತ್ತದೆ. ಅಂಕಗಳನ್ನು ಇರಿಸಿಕೊಂಡಿರುವ ಮೈಎಸ್‌ಕ್ಯೂಎಲ್ ದತ್ತಸಂಚಯದ ಮೂಲ ಮಿತಿ ಇನ್ನೂ ಕಡಿಮೆ, 151 ಸಂಪರ್ಕ. ಅದನ್ನು ಮೀರಿದವರಿಗೆ ‘ಸಂಪರ್ಕಗಳು ಮಿತಿ ಮೀರಿವೆ’ ಎಂಬ ಉತ್ತರ ಸಿಗುತ್ತದೆ.

ಹಾಗಾದರೆ ಮಿತಿಯನ್ನೇ ಹತ್ತು ಸಾವಿರಕ್ಕೆ ಏರಿಸಬಾರದೇ? ಅನನುಭವಿಗಳು ಮೊದಲು ಮಾಡುವುದು ಇದನ್ನೇ, ಮತ್ತು ಯಂತ್ರ ನಿಜವಾಗಿ ನೆಲಕಚ್ಚುವುದೂ ಆಗಲೇ. ಪ್ರತಿಯೊಂದು ಕೋರಿಕೆಗೂ ಸ್ಮೃತಿಯಲ್ಲಿ, ಅಂದರೆ ಮೆಮೊರಿಯಲ್ಲಿ, ಒಂದಿಷ್ಟು ಜಾಗ ಬೇಕು. ಒಂದಕ್ಕೆ 50 ಎಂ.ಬಿ. ಬೇಕೆಂದು ಇಟ್ಟುಕೊಂಡರೆ, 6 ಜಿ.ಬಿ. ಸ್ಮೃತಿಯಲ್ಲಿ ಸುಮಾರು 120ಕ್ಕಷ್ಟೇ ಸ್ಥಳ. ಅದಕ್ಕಿಂತ ಹೆಚ್ಚು ಜನರನ್ನು ಒಳಬಿಟ್ಟರೆ ಯಂತ್ರವು ಸ್ಮೃತಿಯಲ್ಲಿರುವುದನ್ನು ಡಿಸ್ಕಿಗೂ ಡಿಸ್ಕಿನಿಂದ ಮರಳಿ ಸ್ಮೃತಿಗೂ ಸಾಗಿಸುವುದರಲ್ಲಿಯೇ ಬಳಲುತ್ತದೆ. ಬಡಿಸುವವರಿಗೆ ನಡೆಯಲೂ ಜಾಗವಿಲ್ಲದಂತೆ ಎಲೆ ಹಾಕಿದರೆ ಯಾರಿಗೂ ಊಟ ಸಿಗದು. ಸ್ಮೃತಿ ಪೂರ್ತಿ ಬರಿದಾದಾಗ ಲಿನಕ್ಸ್ ವ್ಯವಸ್ಥೆ ಹೆಚ್ಚು ಜಾಗ ತಿನ್ನುತ್ತಿರುವ ಕಾರ್ಯಕ್ರಮವನ್ನು ತಾನಾಗಿಯೇ ಕೊನೆಗೊಳಿಸುತ್ತದೆ. ಅನೇಕ ವೇಳೆ ಬಲಿಯಾಗುವುದು ದತ್ತಸಂಚಯವೇ.

ಎಲೆಗಳ ಸಂಖ್ಯೆಗಿಂತ ಊಟದ ವೇಗವೇ ಮುಖ್ಯ. ಒಂದು ಕೋರಿಕೆ 0.2 ಸೆಕೆಂಡಿನಲ್ಲಿ ಮುಗಿಯುವುದಾದರೆ 120 ಸ್ಥಾನಗಳು ಸೆಕೆಂಡಿಗೆ 600 ಮಂದಿಯನ್ನು ತಣಿಸುತ್ತವೆ. ಅದೇ ಕೋರಿಕೆ 2 ಸೆಕೆಂಡು ಎಳೆದರೆ 60 ಮಂದಿಗೆ ಮಾತ್ರ. ಅಷ್ಟರಲ್ಲಿ ತಾಳ್ಮೆಗೆಟ್ಟ ನಾವು ಪುಟವನ್ನು ಮತ್ತೆ ಮತ್ತೆ ರಿಫ್ರೆಶ್ ಮಾಡುತ್ತೇವೆ. ಹಳೆಯ ಕೋರಿಕೆಯ ಕೆಲಸ ಎಷ್ಟೋ ಬಾರಿ ಒಳಗೆ ಮುಂದುವರಿಯುತ್ತಲೇ ಇರುವುದರಿಂದ ಒಬ್ಬನೇ ಮೂರು ಎಲೆಯ ಮುಂದೆ ಕುಳಿತಂತಾಗುತ್ತದೆ.

ಪರಿಹಾರಗಳು ಅಪರಿಚಿತವೇನಲ್ಲ. ಬದಲಾಗದ ಪುಟಗಳನ್ನು ಮೊದಲೇ ಸಿದ್ಧಪಡಿಸಿ ಹಲವೆಡೆ ಇರಿಸುವುದು, ದತ್ತಸಂಚಯದ ಸಂಪರ್ಕಗಳನ್ನು ಮರುಬಳಸುವುದು, ಹೊರಗೆ ಸರತಿಯ ಸಾಲು ನಿಲ್ಲಿಸುವುದು. ಅಮೆರಿಕದ ಆರೋಗ್ಯವಿಮಾ ಜಾಲತಾಣ 2013ರ ಅಕ್ಟೋಬರ್ 1ರಂದು ತೆರೆದಾಗ ಮೊದಲ ದಿನ ನೋಂದಣಿ ಪೂರ್ಣಗೊಂಡದ್ದು ಆರೇ ಮಂದಿಯದು. ಅದರ ದೋಷಗಳು ಹಲವಾಗಿದ್ದವು, ಆದರೆ ಮುಂದೆ ಅಳವಡಿಸಿದ ಸುಧಾರಣೆಗಳಲ್ಲಿ ಇಂತಹ ಸರತಿಯ ಸಾಲೂ ಒಂದು.

ಇನ್ನು ಕಾನೂನು. ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ 13ನೆಯ ಕಲಮಿನ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಸ್ವೀಕರಿಸುವವರು ನಿಗದಿಪಡಿಸಿದ ಗಣಕ ಸಂಪನ್ಮೂಲವನ್ನು ವಿದ್ಯುನ್ಮಾನ ದಾಖಲೆ ಪ್ರವೇಶಿಸಿದಾಗ ಅದು ಸ್ವೀಕೃತವಾದಂತೆ. ಬಾಗಿಲೇ ಮುಚ್ಚಿದ್ದರೆ ಪ್ರವೇಶವೆಲ್ಲಿ ಬಂತು? ಈ ಕಗ್ಗಂಟು ದೊಡ್ಡ ಪ್ರಮಾಣದಲ್ಲಿ ಎದುರಾದದ್ದು ಜಿ.ಎಸ್.ಟಿ. ಜಾರಿಯಾದಾಗ. ಹಳೆಯ ತೆರಿಗೆಯ ಜಮೆಯನ್ನು ಹೊಸ ವ್ಯವಸ್ಥೆಗೆ ತರುವ ಟ್ರಾನ್-1 ನಮೂನೆಯನ್ನು ಪೋರ್ಟಲಿನ ತೊಂದರೆಯಿಂದ ಸಲ್ಲಿಸಲಾಗದವರು ದೇಶದ ಉಚ್ಚ ನ್ಯಾಯಾಲಯಗಳ ಮೊರೆ ಹೊಕ್ಕರು. ನಿಯಮ 117ಕ್ಕೆ ‘1ಎ’ ಉಪನಿಯಮವನ್ನು ಸೇರಿಸಿ, ತಾಂತ್ರಿಕ ಅಡಚಣೆಗೆ ಒಳಗಾದವರಿಗೆ ಅವಧಿ ವಿಸ್ತರಿಸಲು ಸರ್ಕಾರ ಅವಕಾಶ ಮಾಡಿಕೊಂಡಿತು. ಆದರೆ ಅಡಚಣೆಯಾದದ್ದಕ್ಕೆ ಪುರಾವೆ ಏನೆಂಬುದೇ ವ್ಯಾಜ್ಯಕ್ಕೆ ಎಡೆಯಾಯಿತು. ಕೊನೆಗೆ 2022ರ ಜುಲೈ 22ರಂದು ಫಿಲ್ಕೋ ಟ್ರೇಡ್ ಸೆಂಟರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಎಲ್ಲರಿಗೂ ಪೋರ್ಟಲನ್ನು ಎರಡು ತಿಂಗಳು ಮತ್ತೆ ತೆರೆಯಬೇಕೆಂದು ಆದೇಶಿಸಿತು. ಅದು ತೆರೆದದ್ದು ಅಕ್ಟೋಬರ್ 1ರಿಂದ ನವೆಂಬರ್ 30ರವರೆಗೆ.

ಶಾಲಾ ಅರ್ಜಿಗೆ ಈ ತೀರ್ಪು ನೇರವಾಗಿ ಅನ್ವಯಿಸದು; ಅಷ್ಟು ಕಾಲ ಕಾಯಲು ಮಕ್ಕಳಿಗೆ ಪುರುಸೊತ್ತೂ ಇಲ್ಲ. ಆದರೆ ಪುರಾವೆಯ ಪಾಠ ನಮಗೂ ಸಲ್ಲುತ್ತದೆ. ದೋಷದ ಪುಟ ಕಂಡೊಡನೆ ದಿನಾಂಕ, ಸಮಯ, ವಿಳಾಸ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ. ಅವಧಿ ಮುಗಿಯುವ ಮೊದಲೇ ಸಹಾಯಕೇಂದ್ರಕ್ಕೆ ಇಮೇಲ್ ಕಳುಹಿಸಿ, ಮುಖ್ಯೋಪಾಧ್ಯಾಯರಿಗೆ ಲಿಖಿತ ದೂರು ಕೊಟ್ಟು ಅದರ ಪ್ರತಿಯ ಮೇಲೆ ಸಹಿ ಪಡೆಯಿರಿ. ಶುಲ್ಕ ಕಡಿತಗೊಂಡು ರಶೀದಿ ಬಾರದಿದ್ದರೆ ಮತ್ತೆ ಪಾವತಿಸುವ ಮುನ್ನ ಬ್ಯಾಂಕಿನ ವಿವರ ನೋಡಿಕೊಳ್ಳಿ.

ಗಡಿನಾಡಿನ ಕನ್ನಡ ಮಾಧ್ಯಮದ ಮನೆಗಳಿಗೆ ಇನ್ನೊಂದು ತೊಡಕುಂಟು. ಇಂಗ್ಲಿಷಿನಲ್ಲೋ ಮಲಯಾಳದಲ್ಲೋ ಇರುವ ನಮೂನೆಯನ್ನು ಹಿರಿಯರು ಒಂದೊಂದೇ ಪದ ಕೂಡಿಸಿ ಓದುವಷ್ಟರಲ್ಲಿ ಲಾಗಿನ್ ಅವಧಿ ಮುಗಿದು, ತುಂಬಿದ್ದೆಲ್ಲ ಅಳಿಸಿಹೋಗುತ್ತದೆ. ಮತ್ತೆ ಒಳಹೊಗಲು ಹೋದರೆ ಸಾಲಿನ ಕೊನೆ. ವಿವರಗಳನ್ನು ಮೊದಲೇ ಕಾಗದದಲ್ಲಿ ಬರೆದಿಟ್ಟುಕೊಂಡು ಮುಂಜಾನೆ ಸಲ್ಲಿಸುವುದು ಸದ್ಯದ ಉಪಾಯ. ಕನ್ನಡ ನಮೂನೆಗಾಗಿ ಶಾಲಾ ರಕ್ಷಕ-ಶಿಕ್ಷಕ ಸಂಘಗಳು ಪ್ರವೇಶದ ಋತು ಬರುವ ಮೊದಲೇ, ಲಿಖಿತವಾಗಿ ಮನವಿ ಸಲ್ಲಿಸಬೇಕು.