ಮಳೆಗಾಲದ ದುಡಿಮೆ: ಕಾಲು ಜಾರುವ ಮುನ್ನವೇ ಇರಲಿ ಎಚ್ಚರ

ಹೊನ್ನಾವರ: ಜೂನ್ ತಿಂಗಳ ಮಳೆ ಹಿಡಿದೊಡನೆ ಕರಾವಳಿಯ ಕೆಂಪುಕಲ್ಲಿನ ಮೆಟ್ಟಿಲು, ಸಿಮೆಂಟ್ ಅಂಗಳ, ಅಡಿಕೆ ಮರದ ಕಾಂಡ ಎಲ್ಲವೂ ಹಾವಸೆಗಟ್ಟುತ್ತವೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಅಧಿಕ ಮಳೆ ಸುರಿಯುವ ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳಲ್ಲಿ ಕೆಲಸದ ವೇಳೆ ಯಾರಾದರೂ ಜಾರಿ ಬಿದ್ದರೆ 'ಗ್ರಹಚಾರ' ಎಂದು ಸುಮ್ಮನಾಗುವವರೇ ಹೆಚ್ಚು. ಆದರೆ ಇಂತಹ ಅವಘಡಗಳ ಕಾರಣ ಸಾಮಾನ್ಯವಾಗಿ ಕಣ್ಣಿಗೆ ಕಾಣುವಂಥದು, ಆದ್ದರಿಂದಲೇ ತಡೆಯಬಹುದಾದುದು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಪ್ರತಿವರ್ಷ 6.84 ಲಕ್ಷ ಜನ ಬಿದ್ದು ಸಾಯುತ್ತಾರೆ. ಆಕಸ್ಮಿಕ ಗಾಯಗಳಿಂದಾಗುವ ಸಾವುಗಳಲ್ಲಿ ರಸ್ತೆ ಅಪಘಾತದ ನಂತರದ ಸ್ಥಾನ ಇದಕ್ಕೇ.

ಬಂದರಿನಲ್ಲಿ

ಭಟ್ಕಳದ ಮಾವಿನಕುರ್ವೆ, ಹೊನ್ನಾವರದ ಕಾಸರಕೋಡ, ಕುಮಟಾದ ತದಡಿ ಬಂದರುಗಳಲ್ಲಿ ಮೀನಿನ ಲೋಳೆ, ಕರಗಿದ ಮಂಜುಗಡ್ಡೆಯ ನೀರು, ದೋಣಿಯ ಡೀಸೆಲ್ ಒಂದೇ ನೆಲದ ಮೇಲೆ ಬೆರೆಯುತ್ತವೆ. ಅದರ ಮೇಲೆಯೇ ಬಲೆ, ಹಗ್ಗ ಹರಡಿರುತ್ತವೆ. ತಲೆಯ ಮೇಲೆ ಬುಟ್ಟಿ ಹೊತ್ತವರು ಬಗ್ಗಿ ನೆಲ ನೋಡಲಾರರು. ಹೊರೆ ಸಾಗಿಸುವ ದಾರಿಯನ್ನು ಬಣ್ಣದ ಗೆರೆಯಿಂದ ಗುರುತಿಸಿ ಅಲ್ಲಿ ಏನನ್ನೂ ಇಡದಿರುವುದು, ಪ್ರತಿ ಬಾರಿ ಮೀನು ಇಳಿಸಿದ ಮೇಲೆ ನೆಲ ತೊಳೆಯುವುದು, ನೀರು ನಿಲ್ಲದಂತೆ ಇಳಿಜಾರು ಕೊಡುವುದು, ನಸುಕಿನ ಕೆಲಸಕ್ಕೆ ಸಾಕಷ್ಟು ಬೆಳಕು ಒದಗಿಸುವುದು ಅಗತ್ಯ. ಜೂನ್, ಜುಲೈ ತಿಂಗಳ ಯಾಂತ್ರೀಕೃತ ಮೀನುಗಾರಿಕೆ ನಿಷೇಧದ ಅವಧಿ ಕಿತ್ತುಹೋದ ನೆಲ ದುರಸ್ತಿಗೆ ಸಕಾಲ.

ತೋಟದಲ್ಲಿ

ಅಡಿಕೆಗೆ ಕೊಳೆರೋಗ ತಗುಲದಂತೆ ಬೋರ್ಡೋ ಮಿಶ್ರಣವನ್ನು ಮುಂಗಾರಿಗೆ ಮೊದಲೊಮ್ಮೆ, ಅನಂತರ 40ರಿಂದ 45 ದಿನಗಳೊಳಗೆ ಇನ್ನೊಮ್ಮೆ ಸಿಂಪಡಿಸಲಾಗುತ್ತದೆ. ಈ ಎರಡನೆಯ ಸರದಿ ಬರುವುದು ಜಡಿಮಳೆಯ ನಡುವೆ, ಮರ ಅತ್ಯಂತ ಜಾರುವ ದಿನಗಳಲ್ಲಿ. ಒಂದು ಮರದಿಂದ ಇಳಿಯದೆ ಪಕ್ಕದ ಮರವನ್ನು ಸೆಳೆದು ದಾಟುವ ಕೊನೆಗೌಡರ ಕೌಶಲ ದೊಡ್ಡದು. ಆದರೆ ಒದ್ದೆ ಕಾಂಡ ಅನುಭವಿಯನ್ನೂ ಬಿಡದು. ಸೊಂಟಪಟ್ಟಿ, ಸುರಕ್ಷಾ ಹಗ್ಗ ಕಡ್ಡಾಯವಾಗಬೇಕು. ಮಳೆ ಬಿಡುವವರೆಗೆ ಕಾದರೆ ಆ ದಿನದ ಕೂಲಿ ಕಡಿತವಾಗದು ಎಂಬ ಭರವಸೆಯನ್ನು ತೋಟದ ಮಾಲೀಕರು ನೀಡಬೇಕು. ನೆಲದಲ್ಲೇ ನಿಂತು ಬಳಸುವ ಕಾರ್ಬನ್ ಫೈಬರ್ ದೋಟಿ ಉತ್ತಮ ಪರ್ಯಾಯ. ಆದರೆ ಅದರಲ್ಲಿ ವಿದ್ಯುತ್ ಹರಿಯುವುದರಿಂದ ತಂತಿಗಳ ಸಮೀಪ ಸಲ್ಲದು.

ಅಂಗಡಿ, ಹೋಟೆಲುಗಳಲ್ಲಿ

ಬಾಗಿಲಲ್ಲಿ ಹಾಸುವ ಗೋಣಿಚೀಲ ನೀರು ಕುಡಿದ ಮೇಲೆ ನುಣುಪು ಟೈಲ್ಸ್ ಮೇಲೆ ತಾನೇ ಜಾರುತ್ತದೆ. ಅದರ ಬದಲು ರಬ್ಬರ್ ಹಾಸು ಲೇಸು. ಅಡುಗೆಮನೆಯಲ್ಲಿ ಚೆಲ್ಲಿದ ಎಣ್ಣೆಯನ್ನು ಬರೀ ನೀರಿನಿಂದ ಒರೆಸಿದರೆ ಜಿಡ್ಡು ಹರಡುತ್ತದೆಯೇ ಹೊರತು ಹೋಗದು. ಸೋಪಿನ ಪುಡಿ ಬೇಕು.

ಕಾನೂನಿನ ಮಿತಿ

ನೆಲ, ಮೆಟ್ಟಿಲು, ಓಡಾಟದ ದಾರಿಗಳು ಜಾರುವಂತಿರಬಾರದು ಎಂದು 1948ರ ಕಾರ್ಖಾನೆ ಕಾಯ್ದೆಯ 32ನೇ ಕಲಮು ವಿಧಿಸಿತ್ತು. ಆ ಕಾಯ್ದೆಯ ಸ್ಥಾನದಲ್ಲಿ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದಿದೆ. ಇದು ಸಾಮಾನ್ಯವಾಗಿ ಹತ್ತು ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಿಗೆ ಅನ್ವಯ. ನಾಲ್ಕಾರು ಜನ ದುಡಿಯುವ ತೋಟ, ಅಂಗಡಿಗಳು ಹೊರಗುಳಿಯುವುದರಿಂದ ಅಲ್ಲಿ ಮಾಲೀಕರ ವಿವೇಕವೇ ಕಾನೂನು.

ಬಿದ್ದ ಮೇಲೆ

ಎತ್ತರದಿಂದ ಬಿದ್ದವರನ್ನು ಕೈಕಾಲು ಹಿಡಿದು ಎತ್ತಬಾರದು. ಬೆನ್ನುಹುರಿಗೆ ಪೆಟ್ಟಾಗಿದ್ದರೆ ಶಾಶ್ವತವಾಗಿ ಕಾಲಿನ ಸ್ವಾಧೀನ ತಪ್ಪಬಹುದು. ಕತ್ತು ಅಲುಗದಂತೆ ನೋಡಿಕೊಂಡು 108ಕ್ಕೆ ಕರೆ ಮಾಡಬೇಕು.

ತೀವ್ರ ಪೆಟ್ಟಾದವರನ್ನು ಇಲ್ಲಿಂದ ಮಣಿಪಾಲ, ಮಂಗಳೂರು ಅಥವಾ ಹುಬ್ಬಳ್ಳಿಗೆ ಒಯ್ಯುವುದು ರೂಢಿ. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಸಾಗಿಸುತ್ತಿದ್ದ ಆಂಬುಲೆನ್ಸ್ ಬೈಂದೂರು ಬಳಿಯ ಶಿರೂರು ಟೋಲ್ ಗೇಟಿನಲ್ಲಿ, ಮಳೆಯಿಂದ ಒದ್ದೆಯಾದ ರಸ್ತೆಯಲ್ಲಿ ಜಾರಿ ಉರುಳಿ ನಾಲ್ವರು ಮೃತಪಟ್ಟರು. ದೊಡ್ಡಾಸ್ಪತ್ರೆ ಇಷ್ಟು ದೂರವಿರುವ ನಾಡಿನಲ್ಲಿ ಒಂದು ಪೊರಕೆ, ಒಂದು ಹಗ್ಗ, ಒಂದು ದೀಪ ಜೀವ ಉಳಿಸುವ ಸಾಧನಗಳೇ ಸರಿ.