ಅಪ್ಪನ ಪಾಲಿಸಿ ಬಿಡುವ ಮುನ್ನ

ಮಗನಿಗೋ ಮಗಳಿಗೋ ಮೊದಲ ಕೆಲಸ ಸಿಕ್ಕಿದಾಗ ಮನೆಯಲ್ಲಿ ಸಿಹಿ ಹಂಚುವುದರ ಜೊತೆಗೆ ಇನ್ನೊಂದು ತೀರ್ಮಾನವೂ ಸದ್ದಿಲ್ಲದೆ ಆಗಿಬಿಡುವುದುಂಟು. ‘ಕಂಪೆನಿಯವರೇ ಅಪ್ಪ–ಅಮ್ಮನಿಗೂ ಆರೋಗ್ಯ ವಿಮೆ ಮಾಡಿಸುತ್ತಾರಂತೆ. ಮತ್ತೆ ನಮ್ಮ ಹಳೆಯ ಪಾಲಿಸಿಗೆ ಸುಮ್ಮನೆ ದುಡ್ಡು ಕಟ್ಟುವುದೇಕೆ?’ ನಿವೃತ್ತರಾದ ತಂದೆಗೂ ಈ ಮಾತು ಸರಿಯೆನಿಸುತ್ತದೆ. ಹದಿನೈದು ವರ್ಷ ತಪ್ಪದೆ ನಡೆಸಿಕೊಂಡು ಬಂದ ಪಾಲಿಸಿ ಆ ವರ್ಷ ನವೀಕರಣವಾಗದೆ ನಿಂತುಹೋಗುತ್ತದೆ.

ಎರಡು ವರ್ಷದ ಮೇಲೆ ಮಗ ಕೆಲಸ ಬದಲಿಸುತ್ತಾನೆ, ಇಲ್ಲವೇ ಕಂಪೆನಿಯೇ ಅವನನ್ನು ಬಿಡಿಸುತ್ತದೆ. ನೌಕರಿಗೆ ಅಂಟಿಕೊಂಡ ಗುಂಪು ವಿಮೆ ನೌಕರಿಯೊಂದಿಗೇ ಹೋಯಿತು. ಈಗ 63ರ ತಂದೆ ಸಕ್ಕರೆ ಕಾಯಿಲೆ, ಬಿ.ಪಿ. ಸಮೇತ ವಿಮಾ ಕಂಪೆನಿಯ ಬಾಗಿಲಲ್ಲಿ ಹೊಸ ಗಿರಾಕಿ!

ಅವರು ಕಳೆದುಕೊಂಡದ್ದು ಪ್ರೀಮಿಯಂ ಹಣವನ್ನಲ್ಲ, ವರ್ಷಗಳನ್ನು. ಆರೋಗ್ಯ ವಿಮೆಯಲ್ಲಿ ವರ್ಷಗಳಿಗೇ ಬೆಲೆ. ಪಾಲಿಸಿ ಕೊಳ್ಳುವ ಮೊದಲೇ ಇದ್ದ ಕಾಯಿಲೆಗೆ ಒಂದು ಕಾಯುವ ಅವಧಿ ಇರುತ್ತದೆ. ಮೊದಲು ಅದು ನಾಲ್ಕು ವರ್ಷದವರೆಗೆ ಇತ್ತು. 2024ರ ಏಪ್ರಿಲ್‌ನಿಂದ ಮೂರು ವರ್ಷ ಮೀರುವಂತಿಲ್ಲ. ಕಣ್ಣಿನ ಪೊರೆ, ಮಂಡಿ ಚಿಪ್ಪಿನ ಶಸ್ತ್ರಚಿಕಿತ್ಸೆಯಂಥವಕ್ಕೂ ಹಲವು ಪಾಲಿಸಿಗಳಲ್ಲಿ ಇಂಥದೇ ಕಾಯುವಿಕೆ. ಐದು ವರ್ಷ ಎಡೆಬಿಡದೆ ನಡೆದ ಪಾಲಿಸಿಗೆ ಇನ್ನೊಂದು ರಕ್ಷಣೆಯಿದೆ: ಆಮೇಲೆ, ವಂಚನೆ ಸಾಬೀತಾದ ಹೊರತು, ‘ಹಳೆಯ ಕಾಯಿಲೆ ಮುಚ್ಚಿಟ್ಟಿರಿ’ ಎಂದು ಕಂಪೆನಿ ಕ್ಲೇಮು ತಳ್ಳಿಹಾಕುವಂತಿಲ್ಲ. ಪಾಲಿಸಿ ಬಿಟ್ಟರೆ ಇವೆಲ್ಲವೂ ಮತ್ತೆ ಒಂದರಿಂದ ಎಣಿಕೆ.

ಹೊಸದಾಗಿ ಸೇರುವವರಿಗೆ ವಯಸ್ಸಿನ ತಡೆ ಮೊದಲಿನಷ್ಟಿಲ್ಲ ಎಂಬುದು ನಿಜ. 65 ದಾಟಿದವರಿಗೂ ಹೊಸ ಪಾಲಿಸಿ ಕೊಡಬಹುದೆಂದು 2024ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ನಿಯಮ ಬದಲಿಸಿತು. ಆದರೆ ಅರ್ಜಿ ಹಾಕಿದವರನ್ನೆಲ್ಲ ಸೇರಿಸಿಕೊಳ್ಳಲೇಬೇಕು ಎಂದು ಇದರ ಅರ್ಥವಲ್ಲ. ವೈದ್ಯಕೀಯ ಪರೀಕ್ಷೆ ನಡೆಸಿ, ಪ್ರೀಮಿಯಂ ಏರಿಸುವ ಅಥವಾ ಬೇಡವೆನ್ನುವ ಹಕ್ಕು ಕಂಪೆನಿಗೆ ಉಳಿದೇ ಇದೆ.

ಖಾಸಗಿ ಸಂಸ್ಥೆಯಿಂದ ನಿವೃತ್ತರಾಗುವ ತಂದೆತಾಯಿಯರ ಕಥೆಯೂ ಇದೇ ಜಾಡಿನದು. ಕಚೇರಿಯ ಗುಂಪು ವಿಮೆ ಇದೆಯೆಂಬ ನೆಮ್ಮದಿಯಲ್ಲಿ ಸ್ವಂತ ಪಾಲಿಸಿ ಮಾಡಿಸಿರುವುದಿಲ್ಲ. ಬೀಳ್ಕೊಡುಗೆಯ ಹಾರ ಬಾಡುವ ಹೊತ್ತಿಗೆ ರಕ್ಷಣೆ ಮುಗಿದಿರುತ್ತದೆ. ಗುಂಪಿನಿಂದ ಹೊರಬರುವಾಗ ಅದೇ ವಿಮಾ ಕಂಪೆನಿಯ ವೈಯಕ್ತಿಕ ಪಾಲಿಸಿಗೆ ಬದಲಾಗಲು, ಅಷ್ಟು ದಿನದ ಕಾಯುವ ಅವಧಿಯನ್ನು ಜಮಾ ಮಾಡಿಸಿಕೊಳ್ಳಲು ನಿಯಮದಲ್ಲಿ ಅವಕಾಶವಿದೆ. ಇದನ್ನು ಯಾರೂ ಮನೆಗೆ ಬಂದು ಹೇಳುವುದಿಲ್ಲ. ನಿವೃತ್ತಿಗೆ ಎರಡು–ಮೂರು ತಿಂಗಳು ಇರುವಾಗಲೇ ಕಚೇರಿಯ ಸಿಬ್ಬಂದಿ ವಿಭಾಗದಲ್ಲಿ ವಿಚಾರಿಸಿ, ಬರವಣಿಗೆಯಲ್ಲಿ ಕೇಳಬೇಕು. ಇಲ್ಲೂ ಕಂಪೆನಿ ಆರೋಗ್ಯ ನೋಡಿಯೇ ಒಪ್ಪುವುದು.

ಇರುವ ಕಂಪೆನಿಯ ಸೇವೆ ಹಿಡಿಸದಿದ್ದರೆ? 1986ರಲ್ಲಿ ಸರ್ಕಾರಿ ವಿಮಾ ಕಂಪೆನಿಗಳು ಮೆಡಿಕ್ಲೇಮ್ ಆರಂಭಿಸಿದ ಕಾಲದಲ್ಲಿ ಈ ಪ್ರಶ್ನೆಗೆ ಉತ್ತರವೇ ಇರಲಿಲ್ಲ. 2011ರ ಅಕ್ಟೋಬರ್ 1ರಿಂದ ಗಳಿಸಿದ ವರ್ಷಗಳ ಸಮೇತ ಬೇರೆ ಕಂಪೆನಿಗೆ ಹೋಗುವ ‘ಪೋರ್ಟಬಿಲಿಟಿ’ ಬಂದಿದೆ. ಇದು ನವೀಕರಣದ ಸಮಯದಲ್ಲಿ ಮಾತ್ರ ಸಾಧ್ಯ. ಹಾಗಾಗಿ ಒಂದೂವರೆ–ಎರಡು ತಿಂಗಳು ಮೊದಲೇ ಅರ್ಜಿ ಕೊಡುವುದು ಕ್ಷೇಮ. ಕಳೆದ ವರ್ಷಗಳ ಲಾಭ ಸಿಗುವುದು ಹಳೆಯ ವಿಮಾ ಮೊತ್ತಕ್ಕಷ್ಟೇ. ಮೂರು ಲಕ್ಷದ ಪಾಲಿಸಿಯನ್ನು ಹತ್ತು ಲಕ್ಷಕ್ಕೆ ಏರಿಸಿಕೊಂಡರೆ ಹೆಚ್ಚಿನ ಏಳು ಲಕ್ಷಕ್ಕೆ ಹೊಸದಾಗಿ ಕಾಯಬೇಕು. ಹೊಸ ಕಂಪೆನಿ ಒಪ್ಪಿದ ಕಾಗದ ಕೈಗೆ ಬರುವ ತನಕ ಹಳೆಯದನ್ನು ಬಿಡಬಾರದು. ಎಷ್ಟೋ ಮನೆಗಳಲ್ಲಿ ಎಡವುವುದು ಈ ಒಂದು ಹೆಜ್ಜೆಯಲ್ಲೇ.

ಪ್ರೀಮಿಯಂ ಕಡಿಮೆಯೆಂದು ಬದಲಿಸುವವರು ‘ಕೋ–ಪೇಮೆಂಟ್’ ಎಂಬ ಸಾಲನ್ನು ಹುಡುಕಿ ಓದಬೇಕು. ಅದು ಶೇ 20 ಎಂದಿದ್ದರೆ ಎರಡು ಲಕ್ಷದ ಬಿಲ್ಲಿನಲ್ಲಿ 40 ಸಾವಿರ ಮನೆಯವರದೇ. ಅದೇ ಸೆಮಿಸ್ಟರ್ ಶುಲ್ಕದ ಹಣವಾಗಿದ್ದರೆ ಪೆಟ್ಟು ಎಲ್ಲಿ ಬೀಳುತ್ತದೆ ಎಂಬುದನ್ನು ವಿದ್ಯಾರ್ಥಿಗಳಿಗೆ ಬಿಡಿಸಿ ಹೇಳಬೇಕಿಲ್ಲ. ಹಿರಿಯರ ಪ್ರೀಮಿಯಂ ಬಗ್ಗೆ ಕೊಂಚ ಸಮಾಧಾನದ ಸುದ್ದಿಯೂ ಇದೆ. ಪ್ರಾಧಿಕಾರವನ್ನು ಕೇಳದೆ ಹಿರಿಯ ನಾಗರಿಕರ ಪ್ರೀಮಿಯಂ ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚು ಏರಿಸಬಾರದೆಂದು 2025ರ ಜನವರಿಯಲ್ಲಿ ಆದೇಶವಾಯಿತು. ಅದೇ ವರ್ಷದ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಪಾಲಿಸಿಗಳ ಮೇಲಿನ ಶೇ 18ರ ಜಿಎಸ್‌ಟಿಯೂ ಹೋಯಿತು.

ಬಿಡಲೇಬೇಕಾದವರಿಗೂ ದಾರಿಗಳಿವೆ. ಹೊಸ ಪಾಲಿಸಿ ಪತ್ರ ಕೈಗೆ ಬಂದು 30 ದಿನದೊಳಗೆ ಬೇಡವೆನಿಸಿದರೆ ಹಿಂದಿರುಗಿಸಬಹುದು. ಅಷ್ಟು ದಿನದ ಪಾಲು, ಪರೀಕ್ಷೆಯ ವೆಚ್ಚ, ಸ್ಟಾಂಪ್ ಶುಲ್ಕ ಕಳೆದು ಉಳಿದ ಹಣ ಬರುತ್ತದೆ. ನವೀಕರಣದ ದಿನ ಮರೆತವರಿಗೆ ವಾರ್ಷಿಕ ಪಾಲಿಸಿಯಲ್ಲಿ 30 ದಿನದ ಗಡುವಿದೆ. ಅಷ್ಟರೊಳಗೆ ಹಣ ಕಟ್ಟಿದರೆ ವರ್ಷಗಳ ಲೆಕ್ಕ ಮುರಿಯದು. ಆದರೆ ನಡುವಿನ ಆ ದಿನಗಳಲ್ಲಿ ಆಸ್ಪತ್ರೆ ಸೇರಿದರೆ ಖರ್ಚು ಸಾಮಾನ್ಯವಾಗಿ ತಮ್ಮದೇ.

ಈ ಅರ್ಜಿಗಳನ್ನು ಮನೆಯಲ್ಲಿ ತುಂಬುವವರು ಬಹುಪಾಲು ಮಕ್ಕಳೇ. ‘ಸಕ್ಕರೆ ಕಾಯಿಲೆ ಇದೆಯೇ?’ ಎಂಬಲ್ಲಿ ‘ಇಲ್ಲ ಅಂತ ಬರೆಯಿರಿ, ಬೇಗ ಪಾಸಾಗುತ್ತದೆ’ ಎನ್ನುವ ಏಜೆಂಟರು ಸಿಗುತ್ತಾರೆ. ಕ್ಲೇಮು ನಿಂತಾಗ ಅವರು ಸಿಗುವುದಿಲ್ಲ. ಅಪ್ಪ ನುಂಗುವ ಮಾತ್ರೆಗಳ ಹೆಸರು ಕೇಳಿ, ಇದ್ದದ್ದನ್ನು ಇದ್ದಂತೆ ಬರೆದು, ಅರ್ಜಿಯ ಒಂದು ಪ್ರತಿಯನ್ನು ಹಳೆಯ ಪಾಲಿಸಿಗಳ ಜೊತೆ ಕಡತದಲ್ಲಿ ಇಡಬೇಕು. ಕಂಪೆನಿಗೆ ಕೊಟ್ಟ ದೂರಿಗೆ ನ್ಯಾಯ ಸಿಗದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಶುಲ್ಕವಿಲ್ಲದೆ ದೂರು ಕೊಡಬಹುದು. ಅಲ್ಲಿ ಬೇಕಾಗುವುದೂ ಆ ಕಡತವೇ.